ಹಿಂದಿನ ಸುತ್ತು ಮುಗಿಯಿತೇ?

ಗಂಟೆಗೊಮ್ಮೆ ಓಡುವ ಒಂದು ಜಾಬ್ ಇದೆ ಎನ್ನಿ. ಅಂಗಡಿಗಳಿಂದ ಬಂದ ಮಾರಾಟದ ದಾಖಲೆಗಳನ್ನು ಓದುತ್ತದೆ, ಈವರೆಗಿನ ಮೊತ್ತಕ್ಕೆ ಅವನ್ನು ಕೂಡಿಸುತ್ತದೆ, ಹೊಸ ಮೊತ್ತವನ್ನು ಟೇಬಲ್ಲಿಗೆ ಬರೆದು ಮುಗಿಸುತ್ತದೆ. ಎಂದಿನ ದಿನ ಅದು 40 ನಿಮಿಷದ ಕೆಲಸ. ಹಬ್ಬದ ವ್ಯಾಪಾರ ಜೋರಾದ ದಿನ ಅದಕ್ಕೇ 75 ನಿಮಿಷ ಹಿಡಿಯುತ್ತದೆ. ಗಡಿಯಾರಕ್ಕೆ ಇದು ತಿಳಿಯದು. ಗಂಟೆಗೆ ಸರಿಯಾಗಿ ಎರಡನೆಯ ಸುತ್ತನ್ನು ಹೊರಡಿಸಿಬಿಡುತ್ತದೆ. ಮೊದಲನೆಯದು ಇನ್ನೂ ಬದಲಿಸದೆ ಇರುವ ಹಳೆಯ ಮೊತ್ತವನ್ನೇ ಎರಡನೆಯದು ಓದಿಕೊಳ್ಳುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಒಂದರ ಬರಹವನ್ನು ಇನ್ನೊಂದು ಅಳಿಸಿ ತನ್ನದನ್ನು ಬರೆಯುತ್ತದೆ. ಎರಡೂ ಜಾಬ್‌ಗಳು ಯಶಸ್ವಿಯಾದವು ಎಂದೇ ದಾಖಲೆ ಹೇಳುತ್ತದೆ, ಮೊತ್ತ ಮಾತ್ರ ತಪ್ಪು. ಇದನ್ನು ತಡೆಯಲೆಂದೇ ಇಂದಿನ ಹಲವು ಷೆಡ್ಯೂಲರುಗಳಲ್ಲಿ ಒಂದು ಅಂಕಿ ಇದೆ: ಒಂದೇ ಜಾಬಿನ ಎಷ್ಟು ಸುತ್ತುಗಳು ಏಕಕಾಲಕ್ಕೆ ನಡೆಯಬಹುದು ಎಂಬ ಮಿತಿ. ಕೈಪಿಡಿಗಳಲ್ಲಿ ಅದಕ್ಕೆ ಸಿಗುವುದು ಒಂದೆರಡು ಸಾಲು. ಯಂತ್ರದ ಶಕ್ತಿ ಸಾಲದಿದ್ದಾಗ ಹಾಕಿಕೊಳ್ಳುವ ಕಡಿವಾಣ ಅದು ಎಂದು ಹಲವರು ತಿಳಿದಿದ್ದಾರೆ. ಅದರ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಹಿಂದಿನದು ಮುಗಿಯಿತೇ ಎಂದು ನೋಡಿ ಮುಂದಿನದನ್ನು ಬಿಡುತ್ತಿದ್ದ ಮನುಷ್ಯನ ಜಾಗಕ್ಕೆ ಗಡಿಯಾರ ಬಂದು ಕೂತಾಗಲೆಲ್ಲ ಆ ಪ್ರಶ್ನೆ ಕಳೆದುಹೋಗಿದೆ; ನಷ್ಟವಾದ ಮೇಲೆ ಅದನ್ನು ಯಂತ್ರಕ್ಕೆ ಹೊಸದಾಗಿ ಕಲಿಸಬೇಕಾಗಿ ಬಂದಿದೆ. ಇದು ಒಂದು ಸಲವಲ್ಲ, ಮೂರು ನಾಲ್ಕು ಸಲ ನಡೆದಿದೆ.

ಮೊದಲ ಸಲ ನಡೆದದ್ದು ಕಂಪ್ಯೂಟರ್ ಹುಟ್ಟುವುದಕ್ಕೆ ಎಷ್ಟೋ ಮುಂಚೆ, ಬ್ರಿಟನ್ನಿನ ರೈಲುಹಳಿಗಳ ಮೇಲೆ. ಅಲ್ಲಿಯ ಗಾಡಿಗಳು ಮೊದಲ ಕೆಲವು ದಶಕ ಓಡಿದ್ದು ಗಡಿಯಾರವನ್ನು ನಂಬಿ. ಒಂದು ಗಾಡಿ ಹೊರಟ ಐದೋ ಹತ್ತೋ ನಿಮಿಷಕ್ಕೆ ಮುಂದಿನದನ್ನು ಬಿಡುವುದು. ಅಷ್ಟರಲ್ಲಿ ಮೊದಲನೆಯದು ಸಾಕಷ್ಟು ದೂರ ಸಾಗಿರುತ್ತದೆ ಎಂದುಕೊಳ್ಳುವುದು. 1861ರ ಆಗಸ್ಟ್ 25ರಂದು ಬ್ರೈಟನ್ನಿನಿಂದ ಮೂರು ಗಾಡಿಗಳು ಏಳೇ ನಿಮಿಷಗಳ ಒಳಗೆ ಒಂದರ ಹಿಂದೊಂದು ಹೊರಟವು. ದಾರಿಯಲ್ಲಿದ್ದ ಕ್ಲೇಟನ್ ಸುರಂಗದ ಎರಡೂ ಬಾಯಿಗಳಲ್ಲಿ ಸಿಗ್ನಲ್‌ಮನ್‌ಗಳಿದ್ದರು, ನಡುವೆ ಟೆಲಿಗ್ರಾಫ್ ತಂತಿಯೂ ಇತ್ತು. ಎರಡನೆಯ ಗಾಡಿ ಕೆಂಪು ಬಾವುಟ ಕಂಡು ಸುರಂಗದೊಳಗೇ ನಿಂತು, ಹಿಂದಕ್ಕೆ ಸರಿಯತೊಡಗಿತು. ಈಚೆಯ ಸಿಗ್ನಲ್‌ಮನ್ ಸುರಂಗ ಖಾಲಿಯಾಯಿತೇ ಎಂದು ಕೇಳಿದ. ಮೊದಲ ಗಾಡಿ ಹೊರಬಂದದ್ದನ್ನು ನೋಡಿದ್ದ ಆಚೆಯವನು ಖಾಲಿ ಎಂದು ಉತ್ತರಿಸಿದ. ಕೇಳಿದವನ ಮನಸ್ಸಿನಲ್ಲಿದ್ದದ್ದು ಎರಡನೆಯ ಗಾಡಿ, ಉತ್ತರ ಕೊಟ್ಟವನ ಮನಸ್ಸಿನಲ್ಲಿದ್ದದ್ದು ಮೊದಲನೆಯದು. ಮೂರನೆಯ ಗಾಡಿಗೆ ದಾರಿ ಸಿಕ್ಕಿತು, 23 ಜನ ಸತ್ತರು. ಮುಗಿಯಿತೇ ಎಂಬ ಪ್ರಶ್ನೆ ಅಲ್ಲಿ ಇತ್ತು, ಯಾವುದು ಮುಗಿಯಿತು ಎಂಬುದರ ಲೆಕ್ಕ ಇರಲಿಲ್ಲ. ಇಂದಿನ ಷೆಡ್ಯೂಲರುಗಳು ಪ್ರತಿ ಸುತ್ತಿಗೂ ಒಂದು ಪ್ರತ್ಯೇಕ ಗುರುತು ಕೊಡುವುದರ ಅಗತ್ಯವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಘಟನೆ ನನಗೆ ಗೊತ್ತಿಲ್ಲ.

ಆದರೂ ಗಡಿಯಾರದ ಪದ್ಧತಿ ಮುಂದುವರಿಯಿತು. ತಂತಿ, ಯಂತ್ರ, ಸಿಬ್ಬಂದಿ ಎಂದರೆ ಖರ್ಚು. ಗಾಡಿಗಳು ನಿಧಾನವಾಗುತ್ತವೆ ಎಂಬ ಆಕ್ಷೇಪ ಬೇರೆ. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಬಳಿ, ಏರಿನಲ್ಲಿ ಏದುಸಿರು ಬಿಟ್ಟು ನಿಂತ ಒಂದು ವಿಹಾರದ ಗಾಡಿಯ ಹಿಂದಿನ ಡಬ್ಬಿಗಳನ್ನು ಕಳಚಿದರು. ಅವು ಇಳಿಜಾರಿನಲ್ಲಿ ಹಿಮ್ಮುಖವಾಗಿ ಉರುಳಿ, ನಿಗದಿತ ಅಂತರ ಬಿಟ್ಟು ಹಿಂದೆ ಬರುತ್ತಿದ್ದ ಗಾಡಿಗೆ ಬಡಿದವು. ಸುಮಾರು 80 ಜನ ಸತ್ತರು, ಅವರಲ್ಲಿ ಅನೇಕರು ಮಕ್ಕಳು. ಹಿಂದೆ ಬರುತ್ತಿದ್ದ ಆ ಗಾಡಿಯನ್ನು ವೇಳೆಗೆ ಸರಿಯಾಗಿಯೇ ಬಿಟ್ಟಿದ್ದರು. ಅದೇ ವರ್ಷ ಬ್ರಿಟಿಷ್ ಸಂಸತ್ತು ಬ್ಲಾಕ್ ಪದ್ಧತಿಯನ್ನು ಕಡ್ಡಾಯ ಮಾಡಿತು: ಹಳಿಯ ಒಂದು ತುಂಡಿನೊಳಗೆ ಒಂದು ಕಾಲಕ್ಕೆ ಒಂದೇ ಗಾಡಿ, ವೇಳೆ ಎಷ್ಟೇ ಆಗಿರಲಿ. ಏಕಮಾರ್ಗದ ಮಟ್ಟಿಗೆ ಈ ತಿಳಿವು ಇನ್ನೂ ಮೊದಲೇ ಬಂದಿತ್ತು. 1874ರಲ್ಲಿ ನಾರಿಚ್ ಸಮೀಪದ ಥಾರ್ಪ್‌ನಲ್ಲಿ ಎದುರುಬದುರಾಗಿ ಬಂದ ಎರಡು ಗಾಡಿಗಳು ಢಿಕ್ಕಿಯಾಗಿ 25 ಜನ ಸತ್ತ ಮೇಲೆ ಎಡ್ವರ್ಡ್ ಟೈಯರ್ ಎಂಬವನು 1878ರಲ್ಲಿ ಬಿಲ್ಲೆ ಯಂತ್ರಕ್ಕೆ ಪೇಟೆಂಟ್ ಪಡೆದ. ಎರಡು ನಿಲ್ದಾಣಗಳ ಯಂತ್ರಗಳು ತಂತಿಯಿಂದ ಕೂಡಿಕೊಂಡಿರುತ್ತವೆ; ಒಂದು ಬಿಲ್ಲೆ ಹೊರಗಿದ್ದರೆ ಅದು ಮತ್ತೆ ಯಂತ್ರದೊಳಗೆ ಬೀಳುವ ತನಕ ಇನ್ನೊಂದು ಎರಡೂ ಕಡೆ ಹೊರಬಾರದು. ಭಾರತದಲ್ಲಿ ಇದೇ ಕೆಲಸ ಮಾಡಿದ್ದು ನೀಲ್ಸ್ ಬಾಲ್ ಟೋಕನ್. ಲೋಹದ ಚೆಂಡನ್ನು ಚೀಲದಲ್ಲಿಟ್ಟು ದೊಡ್ಡ ಬಳೆಗೆ ಕಟ್ಟಿ, ಓಡುವ ಗಾಡಿಯ ಡ್ರೈವರಿಗೆ ಕೊಡುತ್ತಿದ್ದುದನ್ನು ಮೀಟರ್‌ಗೇಜ್ ಕಾಲದ ನಮ್ಮ ನಿಲ್ದಾಣಗಳಲ್ಲಿ ಕಂಡವರು ಇನ್ನೂ ಬಹಳ ಮಂದಿ ಇದ್ದಾರೆ. ಚೆಂಡು ಕೈಯಲ್ಲಿಲ್ಲದೆ ಗಾಡಿ ಕದಲುವಂತಿರಲಿಲ್ಲ.

ಕಂಪ್ಯೂಟರಿನ ಮೊದಲ ದಿನಗಳಲ್ಲಿ ಇಂಥ ಚೆಂಡು ಬೇಕಿರಲಿಲ್ಲ, ಏಕೆಂದರೆ ಮನುಷ್ಯನೂ ವಸ್ತುವೂ ಆ ಕೆಲಸವನ್ನು ತಾವಾಗಿಯೇ ಮಾಡುತ್ತಿದ್ದವು. 1956ರಲ್ಲಿ ಜನರಲ್ ಮೋಟಾರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಸೇರಿ ಐಬಿಎಂ 704ಕ್ಕೆ ಬರೆದ ವ್ಯವಸ್ಥೆ, ಒಂದು ಪ್ರೋಗ್ರಾಂ ಮುಗಿದ ಕೂಡಲೇ ಸರದಿಯಲ್ಲಿದ್ದ ಮುಂದಿನದನ್ನು ಎತ್ತಿಕೊಳ್ಳುತ್ತಿತ್ತು. ಅಲ್ಲಿ ಮುಗಿಯುವುದೇ ಆರಂಭದ ಸಂಕೇತ. ಗಡಿಯಾರದ ಮಾತೇ ಇಲ್ಲ. ಭಾರತದಲ್ಲೂ ಹಾಗೆಯೇ. 1964ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸಿಡಿಸಿ 3600 ಬಂದಾಗ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಐಬಿಎಂ 360/44 ಬಂದಾಗ, ಬಳಕೆದಾರರು ತೂತು ಕೊರೆದ ಕಾರ್ಡುಗಳ ಕಟ್ಟನ್ನು ಒಪ್ಪಿಸಿ ಹೋಗಿ, ಆಮೇಲೆ ಬಂದು ಅಚ್ಚಾದ ಹಾಳೆಗಳನ್ನು ಒಯ್ಯುವುದು ರೂಢಿ. ಯಾವ ಕಟ್ಟು ಮೊದಲು, ಯಾವುದು ನಂತರ ಎಂಬುದು ಆಪರೇಟರ್‌ಗಳ ಕೈಯಲ್ಲಿತ್ತು. ವ್ಯಾಪಾರದ ಲೆಕ್ಕಗಳಲ್ಲಿ ಇನ್ನೂ ಗಟ್ಟಿಯಾದ ಕಾವಲಿತ್ತು. ಸಂಬಳದ ಮೂಲ ಲೆಕ್ಕವಿರುತ್ತಿದ್ದದ್ದು ಮ್ಯಾಗ್ನೆಟಿಕ್ ಟೇಪಿನ ಸುರುಳಿಯಲ್ಲಿ. ನಿನ್ನೆಯ ಸುರುಳಿಯನ್ನೂ ಇಂದಿನ ವ್ಯವಹಾರಗಳನ್ನೂ ಓದಿ ಹೊಸ ಸುರುಳಿ ಬರೆಯುವುದು ರಾತ್ರಿಯ ಕೆಲಸ. ಅಜ್ಜ, ಅಪ್ಪ, ಮಗ ಎಂದು ಮೂರು ತಲೆಮಾರಿನ ಸುರುಳಿಗಳನ್ನು ಕಾಪಿಡುತ್ತಿದ್ದರು. ಒಂದು ಸುರುಳಿ ಒಂದು ಡ್ರೈವಿನ ಮೇಲೆ ಮಾತ್ರ ಕೂರಬಲ್ಲದು. ಇಂದಿನ ಸುರುಳಿ ಹುಟ್ಟುವ ತನಕ ನಾಳೆಯ ಕೆಲಸಕ್ಕೆ ಓದಲು ಏನೂ ಇಲ್ಲ. ಟೇಪೇ ಟೋಕನ್ ಆಗಿತ್ತು.

ಡಿಸ್ಕ್ ಬಂದಾಗ ಈ ರಕ್ಷಣೆ ಸದ್ದಿಲ್ಲದೆ ಹೋಯಿತು. ಡಿಸ್ಕಿನ ಮೇಲಿನ ಒಂದೇ ಕಡತವನ್ನು ಎರಡು ಪ್ರೋಗ್ರಾಂಗಳು ಏಕಕಾಲಕ್ಕೆ ತೆರೆಯಬಹುದು. ಐಬಿಎಂ 1964ರಲ್ಲಿ ಸಿಸ್ಟಂ/360 ಸರಣಿಯನ್ನು ಸಾರಿತು. ಅದರ ಒಎಸ್/360 ವ್ಯವಸ್ಥೆಯ ಎಂಎಫ್‌ಟಿ, ಎಂವಿಟಿ ರೂಪಗಳು ಹಲವು ಜಾಬ್‌ಗಳನ್ನು ಒಟ್ಟಿಗೆ ನಡೆಸಬಲ್ಲವಾಗಿದ್ದವು. ಆಪರೇಟರ್ ಕಪಾಟಿನಿಂದ ಕಟ್ಟು ಎತ್ತಿಕೊಳ್ಳುವ ಕೆಲಸವನ್ನು ಇನಿಷಿಯೇಟರ್ ಎಂಬ ಪ್ರೋಗ್ರಾಂ ವಹಿಸಿಕೊಂಡಿತು. ಎಷ್ಟು ಇನಿಷಿಯೇಟರುಗಳನ್ನು ಎಬ್ಬಿಸಿದ್ದಾರೋ ಅಷ್ಟೇ ಜಾಬ್‌ಗಳು ಒಂದು ಕಾಲಕ್ಕೆ. ಇದು ಒಟ್ಟು ಸಂಖ್ಯೆಗೆ ಹಾಕಿದ ಮಿತಿ. ಆದರೆ ಅದನ್ನು ಕಟ್ಟಿದವರು ಅಲ್ಲಿಗೆ ನಿಲ್ಲಲಿಲ್ಲ. ಜಾಬಿನ ಕಾರ್ಡುಗಳಲ್ಲಿ ಪ್ರತಿ ಕಡತದ ಮುಂದೆ ಅದು ತನಗೊಬ್ಬನಿಗೇ ಬೇಕೋ, ಇತರರೊಡನೆ ಹಂಚಿಕೊಳ್ಳಬಹುದೋ ಎಂದು ಬರೆಯಬೇಕು; ಓಲ್ಡ್ ಎಂದರೆ ಒಬ್ಬನಿಗೇ, ಷೇರ್ ಎಂದರೆ ಹಂಚಿಕೆ. ಒಬ್ಬನಿಗೇ ಎಂದು ಕೇಳಿದ ಜಾಬ್, ಕಡತ ಬಿಡುವಾಗುವ ತನಕ ಬಾಗಿಲಲ್ಲೇ ಕಾಯುತ್ತದೆ. ಜಾಬ್‌ಗಳನ್ನು ಸರದಿಗೆ ಹಾಕಲು ಐಬಿಎಂ ಮುಂದೆ ತಂದ ಜೆಇಎಸ್2ರಲ್ಲಿ ಇನ್ನೊಂದು ನಿಯಮವಿದೆ: ಒಂದು ಹೆಸರಿನ ಜಾಬ್ ಓಡುತ್ತಿರುವಾಗ ಅದೇ ಹೆಸರಿನ ಇನ್ನೊಂದು ಬಂದರೆ ಅದನ್ನು ತಡೆದಿಡು. ಬೇಡ ಎನ್ನುವವರು ಆ ತಡೆಯನ್ನು ತೆಗೆಸಬೇಕು. ಏನೂ ಹೇಳದಿದ್ದರೆ ತಡೆ ಇದ್ದೇ ಇರುತ್ತದೆ. ಸರಣಿಯಾಗಿ ನಡೆಯಬೇಕಾದ ಜಾಬ್‌ಗಳಿಗೆಲ್ಲ ಬೇಕೆಂದೇ ಒಂದೇ ಹೆಸರಿಡುವುದು ಮೇನ್‌ಫ್ರೇಂ ಮಂದಿಗೆ ಚೆನ್ನಾಗಿ ಗೊತ್ತಿದ್ದ ಉಪಾಯ. ಇಂದು ಷೆಡ್ಯೂಲರಿನ ಮಿತಿಯ ಜಾಗದಲ್ಲಿ ಮ್ಯಾಕ್ಸ್ ಆ್ಯಕ್ಟಿವ್ ರನ್ಸ್ ಒಂದು ಎಂದು ಬರೆಯುವವರು ಆ ಉಪಾಯವನ್ನೇ ಮುಂದುವರಿಸುತ್ತಿದ್ದಾರೆ.

ಇದೇ ಕಾಲದಲ್ಲಿ ಪ್ರಶ್ನೆಗೆ ಶಾಸ್ತ್ರದ ರೂಪವೂ ಸಿಕ್ಕಿತು. ನೆದರ್‌ಲೆಂಡ್ಸಿನ ಎಡ್‌ಸ್ಖರ್ ಡೈಕ್‌ಸ್ಟ್ರಾ 1965ರಲ್ಲಿ ಎರಡು ಮುಖ್ಯ ಬರಹಗಳನ್ನು ಕೊಟ್ಟರು: ಹಲವು ಪ್ರೋಗ್ರಾಂಗಳ ನಡುವೆ ಒಂದು ಕಾಲಕ್ಕೆ ಒಂದೇ ಒಳಹೋಗುವಂತೆ ಮಾಡುವುದು ಹೇಗೆ ಎಂಬ ಪುಟ್ಟ ಲೇಖನ ಒಂದು, ಸೆಮಫೋರ್ ಎಂಬ ಸಾಧನವನ್ನು ವಿವರಿಸುವ ದೀರ್ಘ ಬರಹ ಇನ್ನೊಂದು. ಸೆಮಫೋರ್ ಎಂಬುದು ರೈಲಿನ ಕೈಮರ ಸಿಗ್ನಲ್ಲಿನಿಂದ ಬಂದ ಹೆಸರು. ಐಂಡ್‌ಹೋವನ್‌ನಲ್ಲಿ ಎಲೆಕ್ಟ್ರೊಲಾಜಿಕಾ ಎಕ್ಸ್8 ಯಂತ್ರದ ಮೇಲೆ ಅವರ ತಂಡ ಕಟ್ಟಿದ ವ್ಯವಸ್ಥೆ ಇದರ ಮೇಲೆಯೇ ನಿಂತಿತು. ಸೆಮಫೋರ್ ಒಂದು ಅಂಕಿ; ಒಳಹೋಗುವವನು ಅದನ್ನು ಒಂದು ಇಳಿಸುತ್ತಾನೆ, ಹೊರಬರುವವನು ಒಂದು ಏರಿಸುತ್ತಾನೆ, ಸೊನ್ನೆಯಾಗಿದ್ದರೆ ಬಂದವನು ಕಾಯುತ್ತಾನೆ. ಈ ಅಂಕಿ ಒಂದಕ್ಕಿಂತ ಹೆಚ್ಚೂ ಇರಬಹುದು, ಅದರಿಂದಲೂ ಉಪಯೋಗವಿದೆ ಎಂದು ತೋರಿಸಿಕೊಟ್ಟವರು ಕಾರೆಲ್ ಸ್ಕೋಲ್ಟೆನ್ ಎಂದು ಡೈಕ್‌ಸ್ಟ್ರಾ ತಾವೇ ದಾಖಲಿಸಿದ್ದಾರೆ. ಷೆಡ್ಯೂಲರಿನ ಮಿತಿಯಲ್ಲಿ 1 ಎಂದು ಬರೆದರೆ ಅದು ಡೈಕ್‌ಸ್ಟ್ರಾ ಅವರ ಮೊದಲ ಸೆಮಫೋರ್, 16 ಎಂದು ಬರೆದರೆ ಸ್ಕೋಲ್ಟೆನ್ ತೋರಿಸಿದ್ದು. ಇದಕ್ಕಿಂತ ಹೆಚ್ಚಿನ ತತ್ತ್ವವೇನೂ ಆ ಅಂಕಿಯೊಳಗೆ ಇಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಅದೆಲ್ಲ ಯಂತ್ರ ದುಬಾರಿಯಾಗಿದ್ದ ಕಾಲದ ಮಾತು, ಈಗ ಕ್ಲೌಡ್‌ನಲ್ಲಿ ಬೇಕಾದಷ್ಟು ಯಂತ್ರಗಳು ಬಾಡಿಗೆಗೆ ಸಿಗುತ್ತವೆ, ಕಾಯಿಸುವುದೇಕೆ ಎನ್ನುತ್ತಾರೆ. ಯಂತ್ರ ಚಿಕ್ಕದಿದ್ದ ಕಾಲದಲ್ಲೇ ಪೀಟರ್ ಡೆನಿಂಗ್ 1968ರಲ್ಲಿ ತೋರಿಸಿಕೊಟ್ಟ ಸಂಗತಿಯೊಂದಿದೆ: ಒಂದು ಹಂತ ದಾಟಿದ ಮೇಲೆ ಹೆಚ್ಚು ಪ್ರೋಗ್ರಾಂಗಳನ್ನು ಒಳಬಿಟ್ಟರೆ ಒಟ್ಟು ಕೆಲಸ ಹೆಚ್ಚುವುದಿಲ್ಲ, ಕುಸಿಯುತ್ತದೆ, ಎಲ್ಲವೂ ಒಂದರ ಪುಟಗಳನ್ನು ಇನ್ನೊಂದು ನೆನಪಿನಿಂದ ಹೊರದೂಡುವುದರಲ್ಲೇ ಹೊತ್ತು ಕಳೆಯುತ್ತವೆ. ನೆನಪಿನ ಗಾತ್ರ ಇಂದು ಹಿರಿದಾಗಿದೆ ನಿಜ, ಆದರೆ ಹಂಚಿಕೊಳ್ಳಬೇಕಾದದ್ದು ಒಂದಿದ್ದರೆ ತರ್ಕ ಅದೇ. ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿದ ಸೂತ್ರದ ಪ್ರಕಾರ ಒಳಗಿರುವವರ ಸರಾಸರಿ ಸಂಖ್ಯೆ ಎಂದರೆ ಬರುವ ವೇಗ ಮತ್ತು ಒಳಗೆ ಕಳೆಯುವ ಸಮಯಗಳ ಗುಣಲಬ್ಧ. ಹತ್ತು ನಿಮಿಷಕ್ಕೊಮ್ಮೆ ಹೊರಡುವ ಜಾಬಿಗೆ 15 ನಿಮಿಷ ಹಿಡಿದರೆ ಸರಾಸರಿ ಒಂದೂವರೆ ಸುತ್ತು ಒಟ್ಟಿಗೆ ಇರುತ್ತದೆ. ಅವು ಒಂದೇ ಡೇಟಾಬೇಸಿಗಾಗಿ ಪೈಪೋಟಿ ಮಾಡಿ ಪ್ರತಿಯೊಂದಕ್ಕೂ 20 ನಿಮಿಷವಾದರೆ ಎರಡು. ಎರಡರ ಪೈಪೋಟಿಯಲ್ಲಿ 30 ನಿಮಿಷವಾದರೆ ಮೂರು. ಹೀಗೆ ತನ್ನಷ್ಟಕ್ಕೇ ಉಬ್ಬುವ ರಾಶಿಗೆ ಹೊಸ ಯಂತ್ರಗಳು ಮದ್ದಾಗುವುದಿಲ್ಲ. ಹೊಸ ಯಂತ್ರ ಎಂದರೆ ಅದೇ ಟೇಬಲ್ಲಿನ ಬಾಗಿಲು ಬಡಿಯುವ ಇನ್ನೊಂದು ಕೈ. ಕ್ಲೌಡ್ ಹೆಚ್ಚಿಸಿದ್ದು ಕೈಗಳನ್ನು. ಹಿಂದಿನ ಮೊತ್ತ, ಒಂದೇ ಕಡತ, ಒಂದೇ ಬ್ಯಾಂಕಿನ ಒಂದೇ ಖಾತೆ ಹಾಗೆಯೇ ಉಳಿದಿವೆ.

ಚರಿತ್ರೆಯಲ್ಲಿ ನಿಜವಾದ ಹಿನ್ನಡೆ ಆದದ್ದು ಯುನಿಕ್ಸಿನಲ್ಲಿ. 1979ರಲ್ಲಿ ಬೆಲ್ ಲ್ಯಾಬ್ಸ್‌ನಿಂದ ಹೊರಬಂದ ಯುನಿಕ್ಸ್ ಏಳನೆಯ ಆವೃತ್ತಿಯಲ್ಲಿ ಕೆನ್ ಥಾಂಪ್ಸನ್ ಬರೆದ ಕ್ರಾನ್ ಇತ್ತು. ಅದರ ಸರಳತೆ ಮೆಚ್ಚುವಂಥದ್ದು: ನಿಮಿಷಕ್ಕೊಮ್ಮೆ ಎಚ್ಚರಗೊಂಡು, ಒಂದು ಪಟ್ಟಿಯನ್ನು ನೋಡಿ, ಈ ನಿಮಿಷದ ಕೆಲಸಗಳನ್ನು ಹೊರಡಿಸಿ, ಮತ್ತೆ ಮಲಗುವುದು. ಹೊರಡಿಸಿದ್ದು ಏನಾಯಿತೆಂದು ಅದು ಕೇಳುವುದಿಲ್ಲ. ಒಂದು ಇಲಾಖೆಯ ಪುಟ್ಟ ಯಂತ್ರದಲ್ಲಿ, ಆಡಳಿತಗಾರನೊಬ್ಬನೇ ಆ ಪಟ್ಟಿಯನ್ನು ಬರೆಯುವಾಗ, ಕೇಳಬೇಕಾದ ಅಗತ್ಯವೂ ಅಷ್ಟಾಗಿ ಇರಲಿಲ್ಲ. ಅದೇ ಹೊತ್ತಿಗೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಕ್ರಾನ್ ಸೌಲಭ್ಯವನ್ನು ಎಲ್ಲ ಬಳಕೆದಾರರಿಗೂ ಕೊಡಲು ಹೊರಟಾಗ, ಪ್ರತಿ ನಿಮಿಷ ಎಲ್ಲರ ಪಟ್ಟಿಯನ್ನೂ ಓದುವುದೇ ಯಂತ್ರಕ್ಕೆ ಭಾರವಾಗಿ, ಮುಂದೆ ಯಾವಾಗ ಏಳಬೇಕೆಂದು ಲೆಕ್ಕಹಾಕಿ ಅಷ್ಟು ಹೊತ್ತು ಮಲಗುವ ಹೊಸ ವಿಧಾನವನ್ನು ರಾಬರ್ಟ್ ಬ್ರೌನ್ ರೂಪಿಸಿದರು. ಬಹಳ ಜಾಣ ಕೆಲಸ. ಆದರೆ ಗಮನವೆಲ್ಲ ಹೋದದ್ದು ಯಾವಾಗ ಹೊರಡಿಸಬೇಕು ಎಂಬುದರ ಕಡೆಗೆ. ಬ್ರಿಟನ್ನಿನ ರೈಲು 1861ರಲ್ಲಿ ಎಲ್ಲಿತ್ತೋ ಕ್ರಾನ್ 1979ರಲ್ಲಿ ಅಲ್ಲಿತ್ತು.

ಎಟಿ ಆ್ಯಂಡ್ ಟಿಯ ಸಿಸ್ಟಂ 5 ಯುನಿಕ್ಸಿನಲ್ಲಿ ತಿದ್ದುಪಡಿ ಬಂತು. ಅಲ್ಲಿ ಕ್ಯೂಡೆಫ್ಸ್ ಎಂಬ ಪುಟ್ಟ ಕಡತವಿತ್ತು. ಕೈಪಿಡಿಯ ಉದಾಹರಣೆಯಲ್ಲಿ ಬಿ ಎಂಬ ಸರದಿಗೆ ಕೊಟ್ಟ ಸೂಚನೆಯನ್ನು ಬಿಡಿಸಿ ಹೇಳಿದರೆ ಹೀಗೆ: ಏಕಕಾಲಕ್ಕೆ ಎರಡು ಜಾಬ್‌ಗಳಿಗೆ ಮಾತ್ರ ಅವಕಾಶ, ಅವುಗಳ ಆದ್ಯತೆ ಕಡಿಮೆ, ಜಾಗವಿಲ್ಲದಿದ್ದರೆ 90 ಸೆಕೆಂಡು ಬಿಟ್ಟು ಮತ್ತೆ ನೋಡು. ಮಿತಿ, ಕಾಯುವಿಕೆ, ಮರುಪ್ರಯತ್ನ ಮೂರೂ ಒಂದೇ ಸಾಲಿನಲ್ಲಿ. ಆದರೆ ಅದು ಸರದಿಗೆ ಹಾಕಿದ ಮಿತಿಯೇ ಹೊರತು ಒಂದೊಂದು ಜಾಬಿಗೆ ಹಾಕಿದ್ದಲ್ಲ, ಆದ್ದರಿಂದ ನಮ್ಮ ಪ್ರಶ್ನೆಗೆ ಪೂರ್ತಿ ಉತ್ತರವೂ ಅಲ್ಲ. ಅಷ್ಟೂ ಉಳಿಯಲಿಲ್ಲ. 1987ರಲ್ಲಿ ಪಾಲ್ ವಿಕ್ಸಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಕ್ರಾನ್ ಬಿಎಸ್‌ಡಿ ಮತ್ತು ಲಿನಕ್ಸ್ ಲೋಕದಲ್ಲೆಲ್ಲ ಹರಡಿತು. ಪ್ರತಿಯೊಬ್ಬ ಬಳಕೆದಾರನಿಗೂ ತನ್ನದೇ ಪಟ್ಟಿ, ವೇಳೆ ಬರೆಯಲು ಸುಲಭ ವಿಧಾನ ಎಲ್ಲ ಅದರಲ್ಲಿತ್ತು, ಕ್ಯೂಡೆಫ್ಸ್ ಇರಲಿಲ್ಲ. ಕಂಪನಿಗಳು ಯುನಿಕ್ಸ್ ಯಂತ್ರಗಳಿಂದ ಲಿನಕ್ಸಿಗೆ ಬಂದಾಗ, ಕೈಯಲ್ಲಿದ್ದ ಒಂದು ರಕ್ಷಣೆಯನ್ನು ಅರಿಯದೆಯೇ ಹಿಂದೆ ಬಿಟ್ಟು ಬಂದವು. ವಿಕ್ಸಿಯವರನ್ನು ದೂರುವುದು ನನ್ನ ಉದ್ದೇಶವಲ್ಲ. ಒಂದು ಕೆಲಸ ಮಾಡುವ ಸಣ್ಣ ಸಾಧನವನ್ನು ಅವರು ಬರೆದರು, ಅದರ ಮೇಲೆ ದೊಡ್ಡ ಲೆಕ್ಕಗಳನ್ನು ಹೇರಿದವರು ನಾವು.

ತುಂಬಬೇಕಾದ ಜಾಗವನ್ನು ಆಡಳಿತಗಾರರು ತಮತಮಗೆ ತೋಚಿದಂತೆ ತುಂಬಿದರು. ಜಾಬ್ ಆರಂಭವಾದಾಗ ಒಂದು ಲಾಕ್ ಫೈಲ್ ಬರೆಯುವುದು, ಮುಗಿದಾಗ ಅಳಿಸುವುದು, ಫೈಲ್ ಇದ್ದರೆ ಸುಮ್ಮನೆ ಹಿಂದಿರುಗುವುದು. ನೋಡಲು ಟೋಕನ್ನಿನಂತೆಯೇ ಇದೆ, ಆದರೆ ಎರಡು ಬಿರುಕುಗಳಿವೆ. ಫೈಲ್ ಇದೆಯೇ ಎಂದು ನೋಡುವುದು ಒಂದು ಹೆಜ್ಜೆ, ಬರೆಯುವುದು ಇನ್ನೊಂದು ಹೆಜ್ಜೆಯಾದರೆ, ನಡುವಿನ ಕ್ಷಣದಲ್ಲಿ ಎರಡು ಸುತ್ತುಗಳೂ ಇಲ್ಲ ಎಂದು ಕಂಡು ಒಳನುಗ್ಗಬಹುದು. ಜಾಬ್ ನಡುವೆಯೇ ಸತ್ತರೆ ಫೈಲ್ ಉಳಿದುಬಿಡುತ್ತದೆ, ಆಮೇಲೆ ಬರುವ ಪ್ರತಿ ಸುತ್ತೂ ಯಾರೋ ಒಳಗಿದ್ದಾರೆ ಎಂದು ನಂಬಿ ವಾಪಸಾಗುತ್ತದೆ, ದಿನಗಟ್ಟಲೆ ಕೆಲಸವೇ ನಡೆಯುವುದಿಲ್ಲ. ಲಿನಕ್ಸಿನ ಫ್ಲಾಕ್ ಆಜ್ಞೆ ಎರಡನ್ನೂ ಮುಚ್ಚಿತು: ಬೀಗ ಕೊಡುವವನು ಕರ್ನೆಲ್, ಹಿಡಿದವನು ಸತ್ತರೆ ಬೀಗ ತಾನಾಗಿ ಬಿಡುತ್ತದೆ. ಅದು ಒಂದು ಯಂತ್ರದೊಳಗಿನ ಮಾತು. ಜಾಬ್‌ಗಳು ಹತ್ತಾರು ಯಂತ್ರಗಳಿಗೆ ಹರಡಿಕೊಂಡಾಗ, ಎದುರಿನ ಯಂತ್ರ ಸತ್ತಿದೆಯೋ ಬರೀ ಉತ್ತರ ತಡವಾಗಿದೆಯೋ ಎಂದು ದೂರದಿಂದ ಹೇಳಲಾಗದ ಹೊಸ ತೊಡಕು ಬಂತು. ಗೂಗಲ್ 2006ರಲ್ಲಿ ಪ್ರಕಟಿಸಿದ ಚಬ್ಬಿ ಎಂಬ ಬೀಗದ ಸೇವೆಯ ವಿವರ ಈ ತೊಡಕನ್ನೇ ಎದುರಿಸುತ್ತದೆ. ಅಲ್ಲಿ ಬೀಗ ಹಿಡಿದವನಿಗೆ ಒಂದು ಕ್ರಮಸಂಖ್ಯೆಯನ್ನೂ ಕೊಡುವ ಏರ್ಪಾಡಿದೆ, ಹಳೆಯ ಬೀಗ ಹಿಡಿದು ತಡವಾಗಿ ಬಂದ ಬರಹವನ್ನು ಗುರುತಿಸಿ ತಳ್ಳಿಹಾಕಲು. ಕ್ಲೇಟನ್ ಸುರಂಗದ ಇಬ್ಬರು ಸಿಗ್ನಲ್‌ಮನ್‌ಗಳಿಗೆ ಇಲ್ಲದೆ ಹೋದದ್ದು ಇಂಥದೇ ಒಂದು ಸಂಖ್ಯೆ.

ದೊಡ್ಡ ಲೆಕ್ಕಗಳನ್ನು ಹಲವು ಯಂತ್ರಗಳಿಗೆ ಹಂಚಿ ನಡೆಸುವ ಹಡೂಪ್ ವ್ಯವಸ್ಥೆಯ ಕಾಲದಲ್ಲಿ ಪ್ರಶ್ನೆ ಮತ್ತೆ ಷೆಡ್ಯೂಲರಿನೊಳಕ್ಕೆ ಬಂತು, ಅದರಲ್ಲಿ ಬೆಂಗಳೂರಿನ ಪಾಲೂ ಇದೆ. ಹಡೂಪ್ ಜಾಬ್‌ಗಳ ಸರಪಳಿಯನ್ನು ನಡೆಸುವ ಊಝಿ ರೂಪುಗೊಂಡದ್ದು ಯಾಹೂ ಕಂಪನಿಯಲ್ಲಿ, ಅದರ ಆರಂಭದ ಕೆಲಸ ನಡೆದದ್ದು ಆ ಕಂಪನಿಯ ಬೆಂಗಳೂರು ತಂಡದಲ್ಲಿ. ಊಝಿಯ ಕೋಆರ್ಡಿನೇಟರಿನಲ್ಲಿ ಏಕಕಾಲದ ಸುತ್ತುಗಳ ಮಿತಿ, ಏನೂ ಬರೆಯದಿದ್ದರೆ, 1. ಬಾಕಿ ಉಳಿದ ಸುತ್ತುಗಳನ್ನು ಹಳೆಯದರಿಂದ ಎತ್ತಿಕೊಳ್ಳಬೇಕೋ, ಹೊಸದರಿಂದಲೋ, ಕೊನೆಯದೊಂದನ್ನೇ ನಡೆಸಿ ಮಿಕ್ಕದ್ದನ್ನು ಬಿಡಬೇಕೋ ಎಂಬುದಕ್ಕೂ ಅಲ್ಲಿ ಉತ್ತರ ಬರೆಯಬಹುದು. 2014ರಲ್ಲಿ ಏರ್‌ಬಿಎನ್‌ಬಿಯಲ್ಲಿ ಮ್ಯಾಕ್ಸಿಮ್ ಬೋಷಮಿನ್ ಆರಂಭಿಸಿದ ಏರ್‌ಫ್ಲೋ ಇಂದು ಊಝಿಗಿಂತ ಬಹಳ ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ ಈ ಮಿತಿ, ಏನೂ ಬರೆಯದಿದ್ದರೆ, 16. ಇದರ ಜೊತೆಗೆ, ಆರಂಭದ ದಿನಾಂಕದಿಂದ ಇಂದಿನವರೆಗೆ ನಡೆಯದೆ ಉಳಿದ ಸುತ್ತುಗಳನ್ನೆಲ್ಲ ನಡೆಸಿಬಿಡುವ ಕ್ಯಾಚಪ್ ಎಂಬ ಗುಣ ಬಹುಕಾಲ ತಾನಾಗಿಯೇ ಚಾಲೂ ಇರುತ್ತಿತ್ತು. ಒಂದು ವರ್ಷದ ಹಿಂದಿನ ದಿನಾಂಕ ಬರೆದು ದಿನನಿತ್ಯದ ಜಾಬನ್ನು ಚಾಲೂ ಮಾಡಿದರೆ 365 ಸುತ್ತುಗಳು ಸಾಲುಗಟ್ಟಿ, 16ರಂತೆ ಡೇಟಾಬೇಸಿನ ಮೇಲೆ ಎರಗುತ್ತಿದ್ದವು. 2025ರ ಮೂರನೆಯ ಆವೃತ್ತಿಯಲ್ಲಿ ಏರ್‌ಫ್ಲೋ ತಂಡ ಕ್ಯಾಚಪ್ಪನ್ನು ಮೊದಲಿಂದಲೇ ಬಂದ್ ಮಾಡಿ ಕೊಡತೊಡಗಿತು. ಹತ್ತು ವರ್ಷದ ಬಳಕೆ ಕಲಿಸಿದ ಪಾಠವೆಂದು ಇದನ್ನು ಓದಬೇಕು.

16 ಎಂಬುದಕ್ಕೆ ಸಮರ್ಥನೆ ಇಲ್ಲದೆ ಇಲ್ಲ, ಮತ್ತು ನನ್ನ ವಾದಕ್ಕೆ ಎದುರಾಗುವ ಅತಿ ಬಲವಾದ ಆಕ್ಷೇಪ ಅದೇ. ಜಾಬನ್ನು ಸರಿಯಾಗಿ ಬರೆದರೆ ಎಷ್ಟು ಸುತ್ತುಗಳು ಒಟ್ಟಿಗೆ ಓಡಿದರೇನು ಎಂದು ಆ ಅಂಕಿಯನ್ನು ಸಮರ್ಥಿಸುವವರು ಕೇಳುತ್ತಾರೆ. ಸೋಮವಾರದ ಸುತ್ತು ಸೋಮವಾರದ ದಾಖಲೆಗಳನ್ನು ಮಾತ್ರ ಓದಿ ಸೋಮವಾರದ ಭಾಗಕ್ಕೆ ಮಾತ್ರ ಬರೆಯಲಿ, ಎಷ್ಟು ಸಲ ಓಡಿಸಿದರೂ ಫಲ ಒಂದೇ ಇರಲಿ. ಆಗ ಮಂಗಳವಾರದ ಸುತ್ತಿನೊಡನೆ ಅದಕ್ಕೆ ಜಗಳವೇ ಇಲ್ಲ. ಬೋಷಮಿನ್ 2018ರಲ್ಲಿ ಬರೆದ ಲೇಖನವೊಂದು ಈ ಶೈಲಿಯನ್ನು ಬಹಳ ಚೆನ್ನಾಗಿ ಪ್ರತಿಪಾದಿಸುತ್ತದೆ. ಹೀಗೆ ಬರೆಯಬಹುದಾದ ಕಡೆ ಬರೆಯಲೇಬೇಕು ಎಂಬುದನ್ನು ನಾನು ಒಪ್ಪುತ್ತೇನೆ, ಅಂಥ ಜಾಬಿಗೆ 16 ಸುತ್ತು ಸಲ್ಲುತ್ತದೆ. ಆದರೆ ಎಲ್ಲ ಕೆಲಸಗಳನ್ನೂ ಹೀಗೆ ದಿನಗಳಾಗಿ ಕತ್ತರಿಸಲಾಗದು. ಖಾತೆಯ ಶಿಲ್ಕು ನಿನ್ನೆಯ ಶಿಲ್ಕಿನಿಂದಲೇ ಹುಟ್ಟಬೇಕು. ಗ್ರಾಹಕರಿಗೆ ಸಂದೇಶ ಕಳಿಸುವುದು, ಹಣ ಪಾವತಿಗೆ ಆದೇಶ ಕೊಡುವುದು, ಹೊರಗಿನ ಸಂಸ್ಥೆಯ ಸೇವೆಯನ್ನು ಕೇಳುವುದು ಎರಡು ಸಲ ಆದರೆ ಎರಡು ಸಲವೇ ಆಗುತ್ತದೆ. ಡೇಟಾಬೇಸಿನ ಟ್ರಾನ್ಸಾಕ್ಷನ್ ತನ್ನೊಳಗಿನ ಸಾಲುಗಳನ್ನು ಕಾಯುತ್ತದೆಯೇ ಹೊರತು, ಕಡತದಿಂದ ಟೇಬಲ್ಲಿಗೆ, ಟೇಬಲ್ಲಿನಿಂದ ಮಿಂಚಂಚೆಗೆ ಸಾಗುವ ಇಡೀ ಸರಪಳಿಯನ್ನಲ್ಲ. ಅದೂ ಅಲ್ಲದೆ, ಒಂದೇ ದಿನದ ಸುತ್ತನ್ನು ಯಾರೋ ಕೈಯಾರೆ ಮತ್ತೆ ಓಡಿಸಿದಾಗ ಎರಡು ಸುತ್ತುಗಳು ಒಂದೇ ಭಾಗಕ್ಕೆ ಬರೆಯುತ್ತವೆ. ಒಂದಾದ ಮೇಲೊಂದು ಓಡಿದರೆ ಫಲ ಒಂದೇ ಇರುವ ಜಾಬ್, ಒಟ್ಟಿಗೆ ಓಡಿದರೂ ಹಾಗೆಯೇ ಇರುತ್ತದೆ ಎಂಬ ಭರವಸೆ ಇಲ್ಲ.

ಆ ಶೈಲಿಯ ಅಗತ್ಯ ಇನ್ನೊಂದು ಕಡೆಯಿಂದಲೂ ಇದೆ, ಅದನ್ನು ಮುಚ್ಚಿಡಬಾರದು. ಹಲವು ಯಂತ್ರಗಳ ಮೇಲೆ ಪ್ರೋಗ್ರಾಂಗಳನ್ನು ನಡೆಸುವ ಕುಬರ್ನೆಟಿಸ್ ವ್ಯವಸ್ಥೆಯ ಕ್ರಾನ್‌ಜಾಬ್‌ನಲ್ಲಿ ಮೂರು ನೀತಿಗಳಿವೆ: ಹೊಸ ಸುತ್ತಿಗೆ ಅವಕಾಶ ಕೊಡು, ಹಿಂದಿನದು ಮುಗಿಯದಿದ್ದರೆ ಹೊಸದನ್ನು ಬಿಟ್ಟುಬಿಡು, ಹಳೆಯದನ್ನು ಕೊಂದು ಹೊಸದನ್ನು ಹೊರಡಿಸು. ಕೆಲವು ಸಂದರ್ಭಗಳಲ್ಲಿ ಎರಡು ಸುತ್ತುಗಳು ಹುಟ್ಟಬಹುದು, ಅಥವಾ ಒಂದೂ ಹುಟ್ಟದಿರಬಹುದು ಎಂದು ಅದರ ಕೈಪಿಡಿ ಪ್ರಾಮಾಣಿಕವಾಗಿ ಎಚ್ಚರಿಸುತ್ತದೆ. ಮಿತಿ ಇಟ್ಟ ಮಾತ್ರಕ್ಕೆ ಜಾಬನ್ನು ಅಜಾಗ್ರತೆಯಿಂದ ಬರೆಯಬಹುದು ಎಂದಾಗುವುದಿಲ್ಲ. ನನ್ನನ್ನು ಹೆಚ್ಚು ಚಿಂತೆಗೆ ಹಚ್ಚುವುದು ಬೇರೆ ಸಂಗತಿ: ಅಲ್ಲಿ ಏನೂ ಬರೆಯದಿದ್ದರೆ ಸಿಗುವುದು ಮೊದಲ ನೀತಿ, ಅಂದರೆ 1979ರ ಕ್ರಾನ್. ವಿಂಡೋಸ್‌ನ ಟಾಸ್ಕ್ ಷೆಡ್ಯೂಲರಿನಲ್ಲಿ ಇದೇ ಪ್ರಶ್ನೆಗೆ ನಾಲ್ಕು ಆಯ್ಕೆಗಳಿವೆ, ಸರದಿಯಲ್ಲಿ ಕಾಯಿಸು ಎಂಬುದೂ ಸೇರಿ. ಅಲ್ಲಿ ಏನೂ ಬರೆಯದಿದ್ದರೆ ಹೊಸದನ್ನು ಹೊರಡಿಸುವುದಿಲ್ಲ. ಮನೆಯ ಕಂಪ್ಯೂಟರಿನ ಷೆಡ್ಯೂಲರ್ ಎಚ್ಚರಿಕೆಯ ಪಕ್ಷವನ್ನೂ, ದೊಡ್ಡ ಸಂಸ್ಥೆಗಳ ಷೆಡ್ಯೂಲರ್ ಧಾರಾಳದ ಪಕ್ಷವನ್ನೂ ಹಿಡಿದಿರುವುದು ತಲೆಕೆಳಗಾದ ಏರ್ಪಾಡು.

ಕಾಯಿಸುವುದರಲ್ಲೂ ಅಪಾಯವಿದೆ ಎನ್ನುವವರ ಮಾತಿನಲ್ಲಿ ಹುರುಳಿದೆ. 2012ರ ಜೂನಿನಲ್ಲಿ ಬ್ರಿಟನ್ನಿನ ಆರ್‌ಬಿಎಸ್ ಬ್ಯಾಂಕ್ ಸಮೂಹದಲ್ಲಿ ಬ್ಯಾಚ್ ಷೆಡ್ಯೂಲರಿನ ತಂತ್ರಾಂಶ ಬದಲಿಸುವಾಗ ಎಡವಟ್ಟಾಗಿ ರಾತ್ರಿಯ ಜಾಬ್‌ಗಳು ನಿಂತವು. ಒಂದು ದಿನದ ಲೆಕ್ಕ ಮುಗಿಯದೆ ಮುಂದಿನ ದಿನದ್ದನ್ನು ನಡೆಸುವಂತಿಲ್ಲವಾದ್ದರಿಂದ ಬಾಕಿ ಬೆಳೆಯುತ್ತ ಹೋಯಿತು. 65 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ತೊಂದರೆಯಾಯಿತು, 2014ರಲ್ಲಿ ನಿಯಂತ್ರಕ ಸಂಸ್ಥೆಗಳು ಬ್ಯಾಂಕಿಗೆ 5.6 ಕೋಟಿ ಪೌಂಡು ದಂಡ ಹಾಕಿದವು. ಆದರೆ ಆ ಬಾಕಿಯನ್ನು ಬೇಗ ತೀರಿಸಲೆಂದು ನಾಲ್ಕು ದಿನದ ಲೆಕ್ಕವನ್ನು ಒಟ್ಟಿಗೆ ಓಡಿಸಬಹುದಿತ್ತೇ? ಹಾಗೆ ಮಾಡಿದ್ದರೆ ತಡವಾಗಿ ಬಂದ ಸರಿಯಾದ ಶಿಲ್ಕಿನ ಬದಲು ಬೇಗ ಬಂದ ತಪ್ಪು ಶಿಲ್ಕು ಸಿಗುತ್ತಿತ್ತು, ಅದನ್ನು ತಿದ್ದಲು ಇನ್ನೂ ಹೆಚ್ಚು ದಿನ ಬೇಕಾಗುತ್ತಿತ್ತು. ಕಾಯುವಿಕೆಯ ದೋಷವೆಂದರೆ ಅದು ಕಣ್ಣಿಗೆ ಬೀಳದೆ ಬೆಳೆಯಬಲ್ಲದು ಎಂಬುದು. ಅದಕ್ಕೆ ಪರಿಹಾರ, ಸರದಿ ಉದ್ದವಾದಾಗ ಕೂಗಿ ಹೇಳುವ ಏರ್ಪಾಡು. ಹಿಂದೆ ಆಪರೇಟರ್ ಅದನ್ನೂ ಮಾಡುತ್ತಿದ್ದ: ಕಪಾಟು ತುಂಬಿದರೆ ಮೇಲಿನವರಿಗೆ ತಿಳಿಸುತ್ತಿದ್ದ. ಮಿತಿಯನ್ನು ಯಂತ್ರಕ್ಕೆ ಕಲಿಸಿ ಈ ತಿಳಿಸುವಿಕೆಯನ್ನು ಮರೆತರೆ ಅರ್ಧ ಕೆಲಸವಷ್ಟೇ ಆದಂತೆ.

ಹೀಗಿರುವಾಗ ಯಾವುದೇ ಹೊಸ ಜಾಬಿನ ಮಿತಿ 1ರಿಂದ ಆರಂಭವಾಗಬೇಕು ಎಂಬುದು ನನ್ನ ನಿಲುವು. ಅದನ್ನು 2ಕ್ಕೋ 16ಕ್ಕೋ ಏರಿಸುವವರು, ಸುತ್ತುಗಳು ಏನನ್ನು ಹಂಚಿಕೊಳ್ಳುತ್ತವೆ, ಏನನ್ನು ಹಂಚಿಕೊಳ್ಳುವುದಿಲ್ಲ ಎಂಬುದನ್ನು ಜಾಬಿನ ಪಕ್ಕದಲ್ಲೇ ಎರಡು ಸಾಲು ಬರೆದಿಡಲಿ. ಷೆಡ್ಯೂಲರುಗಳನ್ನು ಕಟ್ಟುವವರು ಇದನ್ನೇ ಮೊದಲ ನೆಲೆಯಾಗಿ ಒಪ್ಪಲಿ. ಜೆಇಎಸ್2 ಮತ್ತು ಊಝಿ ಹಾಗೆಯೇ ಮಾಡಿದ್ದವು. ಇಂದು ಬೆಂಗಳೂರಿನ ಕಚೇರಿಗಳಲ್ಲಿ ರಾತ್ರಿಪಾಳಿಯಲ್ಲಿ ಕೂತು ದೂರದೇಶಗಳ ಬ್ಯಾಚ್ ಜಾಬ್‌ಗಳನ್ನು ಕಾಯುವವರು, ಕ್ರಾನ್‌ಜಾಬ್ ಬರೆಯುವವರು, ತಮ್ಮ ಕೈಕೆಳಗಿನ ಜಾಬ್‌ಗಳ ಪಟ್ಟಿಯನ್ನು ಒಮ್ಮೆ ತೆರೆದು ಈ ಒಂದು ಅಂಕಿಯನ್ನು ನೋಡಲಿ. ಅದು ಯಾರೂ ಬರೆಯದೆ ಬಂದ ಅಂಕಿಯಾಗಿದ್ದರೆ, ಈ ವಾರವೇ ಅದನ್ನು ಬರೆಯಲಿ.